ಲಾಗ್ ಬುಕ್ಕಿನಲ್ಲಿ ನಿಜ ಬರೆದ ಚಿಕ್ಕಬೀರಯ್ಯ

ಹ್ಯಾಂಡ್‌ಪೋಸ್ಟ್ ಊರಿನ ಈ ಸಭೆಗೆ ಬಂದ ಹಿರಿಯರೇ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದಿಂದ ಬಸ್ಸು ಹತ್ತಿ ಬಂದ ಸರ್ಕಾರಿ ಚಾಲಕ ಸಂಗಾತಿಗಳೇ, ಮುಂದೆ ಕುಳಿತಿರುವ ಚಿಕ್ಕಬೀರಯ್ಯನವರ ಹೆಂಡತಿ ಯಶೋದಮ್ಮನವರೇ, ಮಗಳು ರಮ್ಯಾ — ಎಲ್ಲರಿಗೂ ಈ ಶಿವಶಂಕರನ ನಮಸ್ಕಾರ.

ಚಿಕ್ಕಬೀರಯ್ಯನವರು ತೀರಿಕೊಂಡು ಇವತ್ತಿಗೆ ಹನ್ನೆರಡು ದಿನ. ಇಪ್ಪತ್ತಾರು ವರ್ಷ ನಮ್ಮ ನೀರಾವರಿ ಇಲಾಖೆಯ ಜೀಪು ಓಡಿಸಿದರು. ಸಾಯುವಾಗ ಅಮಾನತಿನಲ್ಲಿದ್ದರು. ಆರೋಪ ಏನು? ಲಾಗ್ ಬುಕ್ಕಿನಲ್ಲಿ ಸುಳ್ಳು ಬರೆದರು ಅಂತ. ಕೇಳಿಸಿತಾ — ಸುಳ್ಳು. ಚಿಕ್ಕಬೀರಯ್ಯ.

ಎಂಟು ತಿಂಗಳ ಹಿಂದೆ ಮಂತ್ರಿಗಳೊಬ್ಬರು ಬಂದರು. ಅವರ ಜೊತೆ ಇಲಾಖೆಯ ಎರಡು ಜೀಪು. ಮುಂದಿನದು ನನ್ನದು, ಹಿಂದಿನದು ಚಿಕ್ಕಬೀರಯ್ಯನವರದು. ಬೀಚನಹಳ್ಳಿ ಹತ್ತಿರ ಕಾಲುವೆಯ ತೂಬಿಗೆ ಬೆನ್ನು ಹಾಕಿ ನಿಂತು ಮಂತ್ರಿಗಳು ಫೋಟೊ ತೆಗೆಸಿಕೊಂಡರು. ಐದು ನಿಮಿಷ. ಆಮೇಲೆ ಹಿನ್ನೀರಿನ ರೆಸಾರ್ಟಿನಲ್ಲಿ ನಾಲ್ಕು ಗಂಟೆ. ಗುತ್ತಿಗೆದಾರರು, ಶುಂಠಿ ವ್ಯಾಪಾರಿಗಳು ಒಬ್ಬೊಬ್ಬರಾಗಿ ಒಳಗೆ ಹೋದರು. ಪಕ್ಷದ ಚುನಾವಣಾ ನಿಧಿಗೆ ದುಡ್ಡು ಕೊಡಲು. ನಾವಿಬ್ಬರೂ ಕಾಫಿ ಲೋಟ ಹಿಡಿದು ಕಿಟಕಿಯ ಕೆಳಗೇ ಕುಳಿತಿದ್ದೆವು, ಎಲ್ಲ ಕೇಳಿಸಿಕೊಂಡೆವು.

ನಮ್ಮಲ್ಲಿ ಒಂದು ರೂಢಿ — ನಗಬೇಡಿ ಲಿಂಗರಾಜು, ನೀವೂ ಮಾಡಿದ್ದೀರಿ — ಮುಂದಿನ ಗಾಡಿಯವನು ಪ್ರಯಾಣದ ಉದ್ದೇಶ ಅಂತ ಏನು ಬರೆದನೋ ಹಿಂದಿನವನೂ ಅದನ್ನೇ ಇಳಿಸಿಕೊಳ್ಳುವುದು. ನಾನು 'ಕಾಲುವೆ ಪರಿಶೀಲನೆ' ಅಂತ ಬರೆದು ಬುಕ್ಕನ್ನು ಚಿಕ್ಕಬೀರಯ್ಯನವರ ಮುಂದೆ ಹಿಡಿದೆ.

"ಏನ್ಲಾ ಶಿವಶಂಕ್ರ, ಕಾಲ್ವೇಲಿ ನೀರಿತ್ತಾ?" ಅಂದರು.

"ನಂಗೇನ್ ಗೊತ್ತಣ್ಣ. ಸುಮ್ನೆ ಬರ್ಕಳಣ್ಣ."

"ನೀರೈತೋ ಇಲ್ವೋ ಗೊತ್ತಿಲ್ದಂಗೇ ಪರಿಶೀಲ್ನೆ ಮಾಡ್ಬುಟ್ಟೆ. ಇಂಜಿನಿಯರ್ ಆಗ್ಬೇಕಿತ್ತು ಕಣ್ಲಾ ನೀನು."

ಅವರು ಬರೆದದ್ದು ಇಷ್ಟೇ: 'ಪಕ್ಷದ ದೇಣಿಗೆ ಸಂಗ್ರಹಕ್ಕೆ ಹೋಗಿ ಬಂದದ್ದು.'

"ಅಣ್ಣ, ಕೆಲ್ಸ ಓಯ್ತದೆ" ಅಂದೆ.

"ಸರಗೂರು ಸಂತೇಲಿ ಸೋಪ್ ತಗಳೋಳೂ ತೆರಿಗೆ ಕಟ್ತಾಳೆ ಕಣ್ಲಾ. ಇವ್ರ ಪಕ್ಷಕ್ಕೆ ಅವ್ಳ್ಯಾಕ್ ಡೀಸೆಲ್ ಆಕುಸ್ಬೇಕು?"

ಯಾಕೆ ಹಾಕಿಸಬೇಕು — ನೀವು ಹೇಳಿ. ಪಕ್ಷ ದೇಣಿಗೆ ಎತ್ತಲಿ, ಸ್ವಂತ ಕಾರಿನಲ್ಲಿ ಬಂದು ಎತ್ತಲಿ. ಇವತ್ತು ವಿರೋಧ ಪಕ್ಷದಲ್ಲಿ ಕೂತು ಕೂಗುವವರೂ ಗೆದ್ದಾಗ ಇದನ್ನೇ ಮಾಡಿದರು. ಅವರನ್ನೂ ನಾನೇ ಕರೆದುಕೊಂಡು ಹೋಗಿದ್ದೇನೆ. ಸರ್ಕಾರಿ ಜೀಪು ಬಾಗಿಲಲ್ಲಿ ನಿಂತರೆ ಗುತ್ತಿಗೆದಾರ ಇಲ್ಲ ಅನ್ನುತ್ತಾನಾ? ಕೇಳಿದ್ದು ದೇಣಿಗೆ, ಅವನಿಗೆ ಕೇಳಿಸಿದ್ದು ಅಪ್ಪಣೆ.

ಚಿಕ್ಕಬೀರಯ್ಯನವರನ್ನು ಅಮಾನತು ಮಾಡಿದ್ದು ಯಾವ ಸಾಕ್ಷಿಯ ಮೇಲೆ? — ನನ್ನ ಲಾಗ್ ಬುಕ್ಕು. ಹೌದು, ನನ್ನದೇ. ಅದರಲ್ಲಿ 'ಕಾಲುವೆ ಪರಿಶೀಲನೆ' ಅಂತಿದೆ, ಹಾಗಾಗಿ ಅವರು ಬರೆದದ್ದೇ ಸುಳ್ಳು ಅಂದರು. ಯೂನಿಯನ್ನಿನ ಮೈಕು ಹಿಡಿದು ಗಂಟಲು ಹರಿದುಕೊಳ್ಳುವ ನಾನು ಅವರು ಸಾಯುವವರೆಗೂ ಬಾಯಿ ಬಿಡಲಿಲ್ಲ.

ಈಗ ಇಲಾಖೆ ದಯೆ ತೋರಿಸುತ್ತಿದೆ: ನೌಕರ ಸತ್ತ, ವಿಚಾರಣೆ ಮುಗಿಯಿತು, ಕುಟುಂಬ ಪಿಂಚಣಿ ತೆಗೆದುಕೊಳ್ಳಿ. ಯಶೋದಮ್ಮ ಆ ಕಾಗದವನ್ನು ಮೇಜಿನ ಮೇಲೆ ವಾಪಸು ತಳ್ಳಿದರು. "ಮುಗುಸ್ಬ್ಯಾಡಿ. ಸುಳ್ಳುಗಾರ ಅಂತ ಬರ್ದವ್ರಲ್ಲ, ಅದ ಮೊದ್ಲು ಅಳುಸಿ" ಅಂದರು.

ಸಂಗಾತಿಗಳೇ, ಇವತ್ತು ಬೆಳಿಗ್ಗೆ ನಾನು ಕಚೇರಿಗೆ ಹೋಗಿ, ಸುಳ್ಳು ಬರೆದವನು ನಾನು ಎಂದು ಬರೆದುಕೊಟ್ಟೆ. ಹೊರಗೆ ಬಂದರೆ ಹದಿನಾಲ್ಕು ಚಾಲಕರು, ನಮ್ಮ ತಾಲ್ಲೂಕೂ ಸೇರಿ ನಾಲ್ಕೂ ತಾಲ್ಲೂಕಿನವರು, ತಮ್ಮ ತಮ್ಮ ಸುಳ್ಳು ಪ್ರಯಾಣಗಳನ್ನು ಬರೆದುಕೊಂಡು ಸಾಲಾಗಿ ನಿಂತಿದ್ದಾರೆ. ಹದಿನಾಲ್ಕು ಜನ. ಹದಿನಾಲ್ಕು ಜನರ ಹೇಳಿಕೆ ಮೇಜಿನ ಮೇಲಿರುವಾಗ ಈ ವಿಚಾರಣೆಯನ್ನು ಹೇಗೆ ಮುಚ್ಚುತ್ತಾರೋ ನೋಡೇಬಿಡೋಣ, ಯಶೋದಮ್ಮ.

ಎಂಟು ತಿಂಗಳು ನಾನು ಹೆದರಿ ಸುಮ್ಮನಿದ್ದೆ. ಈಗ ಎರಡು ನಿಮಿಷ ಅವರ ಗೌರವಕ್ಕೆ ಸುಮ್ಮನಿರುತ್ತೇನೆ. ನೀವೂ ಎದ್ದು ನಿಲ್ಲಿ.