ವಾಲ್ವಿನ ಮೇಲೆ ಎರಡು ಹನಿ ನೀರು

ಈ ಸಭೆಯ ಅಧ್ಯಕ್ಷರೂ ನಮ್ಮ ಗ್ಯಾಸ್ ಏಜೆನ್ಸಿಯ ಮಾಲೀಕರೂ ಆದ ರಂಗೇಶಣ್ಣನವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿ ಶೋಭಾರಾಣಿ ಮೇಡಂ ಅವರೇ, ನನ್ನ ಜೊತೆ ಸಿಲಿಂಡರ್ ಹೊರುವ ಅಣ್ಣತಮ್ಮಂದಿರೇ, ಹೊಳಲ್ಕೆರೆಯ ಬೀದಿಬೀದಿಯಿಂದ ಬಂದಿರುವ ಗ್ರಾಹಕರೇ, ತಾಯಂದಿರೇ, ಸಭಿಕರೇ,

ನಾನು ಐದನೇ ಕ್ಲಾಸಿನ ಆಚೆಗೆ ಓದಿದವನಲ್ಲ. ಎರಡನೇ ಮಹಡಿಗೆ ತುಂಬಿದ ಸಿಲಿಂಡರ್ ಹೊತ್ತು ಹತ್ತಿದ್ದೇನೆ. ವೇದಿಕೆಯ ಈ ಮೂರು ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಮಾತು ಮರೆತೀತೆಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ. ತಪ್ಪಿದ್ದರೆ ಮೇಡಂ ತಿದ್ದಬೇಕು.

ಈಗ ತಾನೇ ರಂಗೇಶಣ್ಣ ನನಗೆ ಶಾಲು ಹೊದಿಸಿದರು. ಈ ಫಲಕ ಕೊಟ್ಟರು. ಇದರ ಮೇಲೆ ಹೀಗೆ ಬರೆದಿದೆ: 'ಶ್ರೀ ಅಜೀಮ್, ಹತ್ತು ವರ್ಷ, ಒಂದೂ ದೂರಿಲ್ಲದ ಸೇವೆ.' ನಿಜ. ನನ್ನ ಮೇಲೆ ಯಾರೂ ದೂರು ಕೊಟ್ಟಿಲ್ಲ. ಹಾಗೆಯೇ ನಾನೂ ಯಾರ ಮೇಲೂ ದೂರು ಕೊಟ್ಟಿಲ್ಲ. ಅದಕ್ಕೂ ಒಂದು ಫಲಕ ಮಾಡಿಸಬಹುದಿತ್ತು. ಇದು ತಮಾಷೆಗೆ ಹೇಳಿದ್ದು, ಬೇಸರ ಮಾಡಿಕೊಳ್ಳಬೇಡಿ.

'ಗ್ರಾಹಕರೊಂದಿಗೆ ಹೇಗೆ ನಡೆದುಕೊಳ್ಳಬೇಕು ಅಂತ ಹೊಸಬರಿಗೆ ನಾಲ್ಕು ಮಾತು ಹೇಳು' ಎಂದು ರಂಗೇಶಣ್ಣ ಹೇಳಿದ್ದಾರೆ. ಹೇಳುತ್ತೇನೆ.

ನಮ್ಮ ಅಜ್ಜ ಫಜಲುಲ್ಲಾ ಈ ಊರಿನ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಅಡಿಗೆಮನೆಯ ಹಿಂದಿನ ಬಾಗಿಲಲ್ಲಿ ತಿದಿ ಒತ್ತುತ್ತಾ ಕುಳಿತರೆ ಮನೆಯೊಡತಿಯರು ಹುಳಿ ಪಾತ್ರೆ, ಅನ್ನದ ತಪ್ಪಲೆ ಎಲ್ಲ ತಂದು ಅವರ ಮುಂದೆ ಇಡುತ್ತಿದ್ದರಂತೆ. ಅವರ ಕೈ ಸವರಿದ ಪಾತ್ರೆಯಲ್ಲೇ ಮದುವೆ ಮನೆಗಳಲ್ಲಿ ಸಾರು ಕುದಿಯಿತು. ಯಾರಿಗೂ ಏನೂ ಆಗಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ನಮ್ಮಮ್ಮ ಪ್ಯಾರಿ ಬೀ ಹೇಳಿದ್ದರು, 'ಅಜ್ಜ ನೋಡಿದ ಮನೆಗಳೇ ಬೇಟಾ, ನಿನ್ನನ್ನೂ ಕರೀತಾರೆ.'

ಕರೆದರು. ಹೇಗೆ ಕರೆದರು?

'ಏಯ್ ಗ್ಯಾಸ್, ಏನ್ ನಿನ್ನ ಹೆಸರು?'

'ಅಜೀಮ್, ಅಮ್ಮ.'

'ಓ... ಅಲ್ಲೇ ಇಡಪ್ಪ. ಒಳಗೆ ಬರಬ್ಯಾಡ, ದೇವರ ಮನೆ ಐತೆ.'

ಕೆಲವರು ನಾನು ಹೊರಟು ಗೇಟು ದಾಟುವ ಮೊದಲೇ ಸಿಲಿಂಡರಿನ ಮೇಲೆ ಚೊಂಬಿನಿಂದ ನೀರು ಚೆಲ್ಲುತ್ತಿದ್ದರು. ಕೆಲವರು ಏಜೆನ್ಸಿಗೆ ಫೋನ್ ಮಾಡಿ, 'ನಮ್ಮೋರು ಯಾರೂ ಇಲ್ವೇನ್ರಿ ಕಳ್ಸಾಕೆ?' ಎನ್ನುತ್ತಿದ್ದರು. ಕೆಲವರದು ಬರೀ ನಗೆಚಾಟಿಕೆ. 'ನೋಡ್ರಿ, ಇವರ ಕೈಗೇ ಬಾಂಬ್ ಕೊಟ್ಟು ಕಳ್ಸ್ಯಾರೆ!' ಹತ್ತು ವರ್ಷದಲ್ಲಿ ಈ ಒಂದು ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಹೇಳಿದವರೆಲ್ಲ ಅದನ್ನು ತಾವೇ ಮೊದಲು ಕಂಡುಹಿಡಿದವರಂತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಹೋದರೆ 'ಸಾಬಿಗೆ ಕೊಬ್ಬು' ಎನ್ನುತ್ತಿದ್ದರು.

ಒಮ್ಮೆ ರಂಗೇಶಣ್ಣನಿಗೆ ಹೇಳಿದೆ. ಅವರು ಕೆಟ್ಟವರಲ್ಲ. 'ಅಜೀಮ, ಕಸ್ಟಮರ್ ಕಣಪ್ಪ. ಈ ಕಿವಿಲಿ ಕೇಳಿ ಆ ಕಿವಿಲಿ ಬಿಡು' ಎಂದರು. ಬಿಟ್ಟೆ. ಆದರೆ ಸಭಿಕರೇ, ನಡುವೆ ಒಂದು ಎದೆ ಇದೆಯಲ್ಲ, ಅದನ್ನು ಎಲ್ಲಿ ಬಿಡಲಿ?

ಈಗ ಕೆಲಸದ ಮಾತು. ಸಿಲಿಂಡರ್ ಕೊಟ್ಟಾಗ ನಾವು ಒಳಗೆ ಹೋಗಿ, ಮುಚ್ಚಳ ತೆಗೆದು, ವಾಲ್ವಿನ ಮೇಲೆ ಎರಡು ಹನಿ ನೀರು ಹಾಕಿ ನೋಡಬೇಕು. ಗುಳ್ಳೆ ಎದ್ದರೆ ಒಳಗಿನ ರಬ್ಬರ್ ವಾಷರ್ ಹರಿದಿದೆ ಎಂದರ್ಥ. ಆಮೇಲೆ ಚೀಟಿಯಲ್ಲಿ 'ಸೋರಿಕೆ ನೋಡಲಾಗಿದೆ' ಎಂಬಲ್ಲಿ ಗುರುತು ಹಾಕಬೇಕು. ಮೊದಮೊದಲು ನನ್ನ ಜೊತೆ ಬೀರೇಶ್ ಇದ್ದ. ನನ್ನನ್ನು ಬಿಡದ ಮನೆಗಳಲ್ಲಿ 'ಲೇ ಅಜೀಮ, ನೀ ಆಟೋದಾಗೆ ಕುಂತ್ಕ, ನಾ ನೋಡ್ಕಂಡ್ ಬರ್ತೀನಿ' ಎಂದು ಅವನೇ ಒಳಗೆ ಹೋಗುತ್ತಿದ್ದ. ಆಮೇಲೆ ಅವನನ್ನು ಚಿಕ್ಕಜಾಜೂರಿನ ಕಡೆಗೆ ಹಾಕಿದರು. ನಾನು ಒಬ್ಬನೇ ಉಳಿದೆ.

ಒಳಗೆ ಬಿಡಿ ಎಂದು ಕೇಳಿದರೆ ಬೈಗುಳ, ಹೊರಗೇ ನೋಡಲು ಎರಡು ಹನಿ ನೀರು ಕೇಳಿದರೂ ಬೈಗುಳ. ಕೇಳದಿದ್ದರೆ ಬೈಗುಳವಿಲ್ಲ. ಕೇಳುವುದನ್ನು ಬಿಟ್ಟೆ. ಹೊಸ್ತಿಲ ಹೊರಗೆ ಇಡುವುದು, ಚೀಟಿಯಲ್ಲಿ ಗುರುತು ಹಾಕುವುದು, ಬರುವುದು. ಈ ಉಪಾಯದಿಂದಲೇ ನನ್ನ ಮೇಲೆ ಒಂದೂ ದೂರು ಬರಲಿಲ್ಲ. ಈ ಫಲಕ ಬಂದದ್ದು ಅದಕ್ಕೆ.

ಹಾಳೆಯಲ್ಲಿ ಮುಂದೆ ಬರೆದಿರುವುದನ್ನು ಓದಲೋ ಬೇಡವೋ ಎಂದು ಈಗಲೂ ಗೊತ್ತಾಗುತ್ತಿಲ್ಲ. ಓದುತ್ತೇನೆ.

ಹೋದ ವರ್ಷ ಆಷಾಢದಲ್ಲಿ ಒಂದು ಮನೆಗೆ ಹೋದೆ. ಮಾಲೀಕರ ಹೆಸರು ಹೇಳುವುದಿಲ್ಲ. ಅವರೂ ಈ ಸಭೆಯಲ್ಲಿದ್ದಾರೆ. ಅವತ್ತು ಅವರ ಮನೆಯಲ್ಲಿ ನೆಂಟರಿದ್ದರು. ನನ್ನನ್ನು ಗೇಟಿನಲ್ಲೇ ನಿಲ್ಲಿಸಿ, 'ಅಂಗಿ ಬಿಚ್ಚಿ ತೋರ್ಸಲೇ, ಒಳಗೆ ಏನ್ ಇಟ್ಕಂಡ್ ಬಂದೀಯ' ಎಂದರು. ಒಬ್ಬರು ಮೊಬೈಲ್ ಹಿಡಿದರು. 'ಜೇಬೂ ತೋರ್ಸು' ಎಂದರು. ತೋರಿಸಿದೆ. ಬಾಚಣಿಗೆ ಇತ್ತು, ಚೀಟಿಯ ಪುಸ್ತಕ ಇತ್ತು. ಅವರ ಮನೆಯ ಮಕ್ಕಳು ಕೂಡ ನಕ್ಕರು.

ಅಲ್ಲಿಂದ ಎರಡನೇ ಮನೆ ಬರಗೇರಮ್ಮಜ್ಜಿಯದು. ಕುರಿ ಸಾಕಿದವರ ಮನೆ. ಈ ಊರಿನಲ್ಲಿ ನನಗೆ ಹೊಸ್ತಿಲೇ ಇಲ್ಲದ ಮನೆ ಎಂದರೆ ಅದೊಂದೇ. 'ಏನಪ್ಪ ಅಜೀಮ, ಬಾ ಒಳಗೆ. ನಿಮ್ಮಜ್ಜ ಇಲ್ಲೇ ಕುಂತ್ಕಂಡು ಕಲಾಯಿ ಹಾಕ್ತಿದ್ದ. ಮಜ್ಜಿಗೆ ಕುಡಿ' ಎನ್ನುತ್ತಿದ್ದರು ಪ್ರತಿ ಸಲ. ಅವತ್ತೂ ಕರೆದರು. ನನ್ನ ಕಣ್ಣು ಒದ್ದೆಯಾಗಿತ್ತು. ಅಜ್ಜಿ ನೋಡಿದರೆ ಯಾಕೆ ಏನು ಎಂದು ಕೇಳುತ್ತಾರೆ, ಕೇಳಿದರೆ ಅತ್ತುಬಿಡುತ್ತೇನೆ ಎಂದು ಹೆದರಿದೆ. 'ಹೊತ್ತಾತಜ್ಜಿ' ಎಂದು ಬಾಗಿಲಲ್ಲೇ ಸಿಲಿಂಡರ್ ಇಟ್ಟೆ. ಚೀಟಿಯಲ್ಲಿ ಗುರುತು ಹಾಕಿದೆ. ಹೊರಟೆ.

ಅಜ್ಜಿಯೂ ಮೊಮ್ಮಗಳು ನಾಗಶ್ರೀಯೂ ಸೇರಿ ಅದನ್ನು ಒಳಗೆ ಉರುಳಿಸಿಕೊಂಡು ಹೋಗಿ ಜೋಡಿಸಿದ್ದಾರೆ. ವಾಷರ್ ಹರಿದಿತ್ತು. ಅಜ್ಜಿ ಕಡ್ಡಿ ಗೀರಿದ್ದಾರೆ.

ನಾನು ಓಡಿ ಬರುವಷ್ಟರಲ್ಲಿ ಅಜ್ಜಿಯನ್ನು ಚಿತ್ರದುರ್ಗದ ಆಸ್ಪತ್ರೆಗೆ ಕರೆದೊಯ್ದಿದ್ದರು. ಮನೆಯ ಮುಂದೆ ಜನ ಸೇರಿತ್ತು. 'ತಂದೋನು ಯಾರು? ಆ ಸಾಬನೇ ಅಲ್ವಾ? ಬೇಕಂತ್ಲೇ ಮಾಡ್ಯಾನೆ' ಎಂದು ಯಾರೋ ಅಂದರು. ಆ ಮಾತು ಆಸ್ಪತ್ರೆಯಲ್ಲಿದ್ದ ಅಜ್ಜಿಯ ಕಿವಿಗೂ ಬಿದ್ದಿತ್ತು. ವಿಚಾರಣೆಗೆ ಬಂದ ಸಾಹೇಬರಿಗೆ ಅಜ್ಜಿ ಆ ಉರಿಯಲ್ಲೇ ಹೇಳಿದರಂತೆ, 'ಹುಡುಗ ಒಳಗೆ ಬಂದು ನೀರ್ ಹಾಕಿ ನೋಡಿದ ಸ್ವಾಮಿ. ಚೆನ್ನಾಗೇ ಇತ್ತು. ಆಮೇಲೆ ನಾನೇ ಏನೋ ಕಿತ್ತು ಹಾಕಿದೆ. ತಪ್ಪು ನಂದು.'

ಅಜ್ಜಿ, ಹಿಂದಿನ ಸಾಲಿನಲ್ಲಿ ಕುಳಿತು ತಲೆ ಅಲ್ಲಾಡಿಸಬೇಡಿ. ಇವತ್ತು ಬೆಳಿಗ್ಗೆಯೂ ನೀವು ಹೇಳಿದಿರಿ, 'ಬಾಯಿ ಮುಚ್ಕಂಡು ಶಾಲು ಹೊದಿಸ್ಕಂಡು ಬಾ. ನೀನು ಬಾಯಿ ಬಿಟ್ರೆ ನಿಮ್ಮ ಕೇರಿಯೋರಿಗೆಲ್ಲ ತೊಂದ್ರೆ' ಎಂದು. ನನಗೆ ಗೊತ್ತಿದೆ ಅಜ್ಜಿ.

ಸಭಿಕರೇ, ಅವರ ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಲೋಟ ಹಿಡಿಯಲಾಗುವುದಿಲ್ಲ. ನಾಗಶ್ರೀ ತುತ್ತು ಮಾಡಿ ತಿನ್ನಿಸುತ್ತಾಳೆ. ಆಪರೇಷನ್ ಮಾಡಿದರೆ ಬೆರಳು ಬಿಡಿಸಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಬೇಗ ಮಾಡಿಸಬೇಕು, ತಡವಾದರೆ ಆಗುವುದಿಲ್ಲ ಎಂದೂ ಹೇಳಿದ್ದಾರೆ. ಅದಕ್ಕೆ ಗ್ಯಾಸಿನ ವಿಮೆ ಇದೆ. ಆದರೆ 'ತಪ್ಪು ನಂದು' ಎಂದು ಅಜ್ಜಿಯೇ ಬರೆಸಿದ್ದಾರಲ್ಲ, ವಿಮೆಯವರು ಫೈಲು ಮುಚ್ಚಿದರು. ಎಂಟು ತಿಂಗಳು ನಾನು ಸುಮ್ಮನಿದ್ದೆ. ಅವರ ಬೆರಳುಗಳ ಬೆಲೆಯಲ್ಲಿ ಕೆಲಸ ಉಳಿಸಿಕೊಂಡೆ, ಹೆಸರು ಉಳಿಸಿಕೊಂಡೆ, ಇವತ್ತು ಶಾಲನ್ನೂ ಹೊದ್ದುಕೊಂಡೆ.

ನಿಮ್ಮ ಮಾತುಗಳಿಂದ ಹೀಗಾಯಿತು ಎಂದು ನಾನು ಹೇಳಬಹುದೇ? ಅರ್ಧ ಹೇಳಬಹುದು. ಉಳಿದ ಅರ್ಧಕ್ಕೆ ನಾನೇ ಹೊಣೆ. ನನ್ನನ್ನು ಹೊರಗೆ ನಿಲ್ಲಿಸಿದ ಮನೆಗಳಿಗೆ ಏನೂ ಆಗಲಿಲ್ಲ. ಒಳಗೆ ಕರೆದ ಮನೆಯನ್ನು ನಾನು ಸುಟ್ಟೆ. ಯಾರ ಮುಂದೆ ಇದನ್ನು ಹೇಳಿಕೊಂಡು ಅಳಲಿ?

ಅವತ್ತು ನಾನು ಸಿಲಿಂಡರ್ ನೋಡಲಿಲ್ಲ, ನೋಡದೆಯೇ ಗುರುತು ಹಾಕಿದೆ, ಅಜ್ಜಿಯ ತಪ್ಪಿಲ್ಲ ಎಂದು ಬರೆದು ಸಹಿ ಮಾಡಿದ ಅರ್ಜಿ ಇದು. ಇದನ್ನು ಎಲ್ಲರ ಎದುರಿಗೆ ರಂಗೇಶಣ್ಣನ ಕೈಗೆ ಕೊಡುತ್ತಿದ್ದೇನೆ. ಒಬ್ಬನೇ ಹೋಗಿ ಆಫೀಸಿನಲ್ಲಿ ಕೊಟ್ಟಿದ್ದರೆ, ಅಣ್ಣ, ನೀವು ನನ್ನ ಮೇಲಿನ ಪ್ರೀತಿಗೇ ಅದನ್ನು ಹರಿದು ಹಾಕುತ್ತಿದ್ದಿರಿ. ದಯವಿಟ್ಟು ಮೇಲಿನವರಿಗೆ ಕಳಿಸಿ. ಫಲಕ ಇಲ್ಲೇ ಮೇಜಿನ ಮೇಲೆ ಇರಲಿ.

ಹೊಸಬರಿಗೆ ನಾಲ್ಕು ಮಾತು ಹೇಳು ಎಂದಿದ್ದರು. ಹೊಸಬ ಎಂದರೆ ನಮ್ಮ ಕೇರಿಯ ತಾಬಿಶ್. ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು, ಗೋಡೆ ಪಕ್ಕ ನಿಂತಿದ್ದಾನೆ. ತಾಬಿಶ್, ನಾಳೆ ನನ್ನ ಬೀದಿಗಳಿಗೆ ನೀನು ಹೋಗುತ್ತೀಯ. ಇಷ್ಟು ದಿನ ನಮ್ಮನ್ನು ಹೊರಗೆ ನಿಲ್ಲಿಸಲು ಅವರಿಗೆ ಕಾರಣವೇ ಇರಲಿಲ್ಲ. ಇವತ್ತು ನಾನೇ ಒಂದು ಕಾರಣ ಕೊಟ್ಟೆ. ನಿನಗೆ ಹೇಳುವ ಬುದ್ಧಿಮಾತು ನನ್ನ ಹತ್ತಿರ ಯಾವುದೂ ಉಳಿದಿಲ್ಲ. ಬೈದರೂ ಒಳಗೆ ಹೋಗಿ ನೋಡು ಎನ್ನಲೇ? ಅವರು ಬಿಡುವುದಿಲ್ಲ. ನನ್ನನ್ನು ಕ್ಷಮಿಸು ಎಂದಷ್ಟೇ ಕೇಳಬಲ್ಲೆ.

ಇಷ್ಟು ಹೊತ್ತು ಕುಳಿತು ಕೇಳಿದ್ದಕ್ಕೆ ಎಲ್ಲರಿಗೂ ನಾನು ಋಣಿ. ಬರಗೇರಮ್ಮಜ್ಜಿ, ನಿಮಗೆ ಕೈ ಮುಗಿಯುತ್ತೇನೆ, ನೀವು ಮುಗಿಯಬೇಡಿ, ನೋವಾಗುತ್ತದೆ. ನಮಸ್ಕಾರ.