ಟ್ರ್ಯಾಕ್ಟರ್ ತೊಳೆದ ನೀರು

ರಾಯಬಾಗ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅಕ್ಕ ತಮ್ಮ ಕುಳಿತಿದ್ದರು. ತಮ್ಮ ಮೊಬೈಲ್ ನೋಡುತ್ತ ಲೊಚಗುಟ್ಟಿದ.

“ರೂಪಾಲಕ್ಕಾ, ಇಲ್ಲಿ ನೋಡ. ಹಡಗ ಒಡದ ಸಮುದ್ರದ ತುಂಬ ಎಣ್ಣಿ ಆಗೈತಿ. ಈ ಹಕ್ಕಿಗೆ ರೆಕ್ಕಿ ಬಿಚ್ಚಾಕೂ ಬರವಲ್ದು. ಎಂಥಾ ಪಾಪಿಗೋಳ ಅದಾರ!”

“ಮೊನ್ನೆ ನೀ ಟ್ರ್ಯಾಕ್ಟರ್ ಎಲ್ಲಿ ತೊಳದಿ, ಅಮೋಲ?”

“ಹೊಳ್ಯಾಗ.”

“ಇಂಜಿನ್ನಿನ ಹಳೇ ಆಯಿಲ್ ಎಲ್ಲಿ ಚೆಲ್ಲಿದಿ?”

“ಅಲ್ಲೇ ದಂಡಿಗೆ. ಒಂದ ಡಬ್ಬಿ ಅಷ್ಟ.”

“ಅವತ್ತಿಂದ ನಮ್ಮ ಎಮ್ಮಿ ಆ ನೀರಿಗೆ ಬಾಯಿ ಹಚ್ಚವಲ್ದು. ನೀರ ಮ್ಯಾಲ ಜಿಡ್ಡ ತೇಲಾಕತ್ತೈತಿ.”

“ಅದು ಹೊಳಿ ಬೇ ಅಕ್ಕಾ, ಸಮುದ್ರ ಅಲ್ಲ.”

“ಮತ್ತ ಕೃಷ್ಣಾ ಹರದ ಎಲ್ಲಿಗೆ ಹೋಗ್ತಾಳ? ಆಂಧ್ರಾ ದಾಟಿ ಸಮುದ್ರಕ್ಕ! ದಂಡಿ ಮ್ಯಾಲಿನ ಊರೂರಾಗ ನಿನ್ನಂಥಾವ ಒಬ್ಬ ಡಬ್ಬಿ ಚೆಲ್ಲಿದ್ರ ಸಾಕ, ಹಡಗ ಯಾಕ ಒಡೀಬೇಕ?”

ತಮ್ಮ ಮೊಬೈಲ್ ಕಿಸೆಗಿಟ್ಟ. ಅಷ್ಟರಲ್ಲಿ ದಿಗ್ಗೇವಾಡಿ ಬಸ್ ಬಂತು.

“ಆತ ಬಿಡ ಅಕ್ಕಾ. ಇನ್ನ ಮ್ಯಾಲ ಹೊಳ್ಯಾಗ ತೊಳ್ಯಾಂಗಿಲ್ಲ.”

“ಮತ್ತ ಎಲ್ಲಿ ತೊಳಿತಿ?”

“ಕೆನಾಲದಾಗ.”

ಅಕ್ಕ ಹಣೆ ಚಚ್ಚಿಕೊಂಡು ಬಸ್ ಹತ್ತಿದಳು. ತಮ್ಮ ಹಿಂದಿನಿಂದ ಹತ್ತುವಷ್ಟರಲ್ಲಿ ಪಕ್ಕದ ಸೀಟಿನ ಮೇಲೆ ಅವಳ ಚೀಲ ಕುಳಿತಾಗಿತ್ತು.