ಬಾಗಿಲಣ್ಣ ಬಲೆ ಸರಿಸಿದ ರಾತ್ರಿ

ಸ್ವಲ್ಪ ಹತ್ತಿರ ಬನ್ನಿ, ಇದು ಗಟ್ಟಿಯಾಗಿ ಹೇಳುವಂಥದ್ದಲ್ಲ. ಯಾರೋ ಯಾರಿಗೋ ಹೇಳಿದ್ದೂ ಅಲ್ಲ. ನಮ್ಮ ದೊಡ್ಡಮ್ಮನ ಹಿರಿಮಗನಿಗೇ ಆದದ್ದು.

ಆ ರಾತ್ರಿ ಅವನು ಪಾಳಿಗೆ ಹೊರಟಿದ್ದ. ದಾರಿಯಲ್ಲಿ ಹಳೇ ಒಣ ಡಾಕು. ಹಡಗು ರಿಪೇರಿಗೆಂದು ತೋಡಿದ ಗುಂಡಿ ಅದು, ಬಾವಿಗಿಂತ ಆಳ, ನೀರು ಕಂಡು ಎಷ್ಟೋ ಕಾಲವಾಗಿತ್ತು. ಅದರ ತಳದಿಂದ ಸದ್ದು... ತೊಟ್... ತೊಟ್... ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುವ ಸದ್ದು. ಅವನು ಬಗ್ಗಿ ನೋಡಲಿಲ್ಲ. ಹೆಜ್ಜೆ ಜೋರು ಮಾಡಿದ.

ಬಂದರಿನಲ್ಲಿ ಅವನಿಗೆ ಬಾಗಿಲಣ್ಣ ಎಂದೇ ಹೆಸರು. ನೌಕಾಪಡೆಯ ಬಂದರಿನ ಬಾಯಿಗೆ ಅಡ್ಡಲಾಗಿ ಉಕ್ಕಿನ ಬಲೆ ಕಟ್ಟಿದ್ದರು. ಹಡಗು ಬಂದರೆ ವಿಂಚು, ಅಂದರೆ ತಂತಿಹಗ್ಗ ಸುತ್ತುವ ರಾಟೆ, ತಿರುಗಿಸಿ ಬಲೆ ಸರಿಸಬೇಕು, ಹಡಗು ದಾಟಿದ ಮೇಲೆ ಮುಚ್ಚಬೇಕು. ಅದೇ ಅವನ ಕೆಲಸ. "ಇಡೀ ನೌಕಾಪಡೆ ಗೇಟು ನನ್ನ ಕೈಯಲ್ಲಿದೆ ಕಣೇ" ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ. "ಮನೆ ಬಾಗಿಲಿಗೆ ಚಿಲಕ ಹಾಕೋಕೆ ಮಾತ್ರ ನಾನೇ ಏಳಬೇಕು" ಎಂದು ಅವಳು.

ನಿಜ ಹೇಳಬೇಕೆಂದರೆ ಅದೇನು ದೊಡ್ಡ ಪಡೆಯಲ್ಲ. ತುಕ್ಕಿನ ಮೇಲೆ ಬಣ್ಣ ಬಳಿದುಕೊಂಡ ಹಳೇ ಹಡಗುಗಳು. ಆದರೆ ಅದು ಕೂತ ಜಾಗ ಅಂಥದ್ದು. ಎದುರಿಗೇ ಕಿರಿದಾದ ಜಲಸಂಧಿ. ಎಣ್ಣೆ ಹಡಗು, ಗೋಧಿ ಹಡಗು, ಎಲ್ಲವೂ ಅಲ್ಲಿಂದಲೇ ಹಾಯಬೇಕು. ಈ ಬಂದರು ಯಾರ ಕೈಯಲ್ಲೋ ಆ ದಾರಿ ಅವರ ಕೈಯಲ್ಲಿ. ಅದಕ್ಕೇ ಯುದ್ಧ ಶುರುವಾದರೆ ಮೊದಲ ಏಟು ಬೀಳುವುದು ಇಲ್ಲಿಗೆ. ಹಿಂದಿನ ಯುದ್ಧದಲ್ಲಿ ಶತ್ರುವಿನ ಸಬ್‌ಮರೀನೊಂದು, ವಾಪಸು ಬರುತ್ತಿದ್ದ ನಮ್ಮದೇ ಹಡಗಿನ ಬೆನ್ನಿಗಂಟಿಕೊಂಡು ಒಳಗೆ ನುಸುಳಿತ್ತು. ಬೆಳಗಾಗುವಷ್ಟರಲ್ಲಿ ಅರ್ಧ ಪಡೆ ಸುಟ್ಟು ಕರಕಲಾಗಿತ್ತು. ಬಲೆ ಬಂದದ್ದು ಆಮೇಲೆ. ಬಲೆಯ ಜೊತೆಗೆ ಒಂದು ಕಟ್ಟಪ್ಪಣೆಯೂ ಬಂತು. ಕತ್ತಲಾದ ಮೇಲೆ ಕಮಾಂಡ್ ಆಫೀಸಿನಿಂದ ಫೋನು ಬರದೆ ಬಲೆ ಸರಿಸಕೂಡದು. ಹೊರಗಿರುವುದು ನಮ್ಮ ಹಡಗೇ ಆದರೂ ಸರಿ.

ಈಗ ಮತ್ತೆ ಯುದ್ಧ ನಡೆಯುತ್ತಿತ್ತು. ಅವನ ತಮ್ಮ ಮೈನ್ ಹುಡುಕುವ ಹಡಗಿನಲ್ಲಿದ್ದ. ಜಲಸಂಧಿಯಲ್ಲಿ ಶತ್ರು ಹುದುಗಿಸಿಟ್ಟ ಬಾಂಬುಗಳನ್ನು ಹುಡುಕಿ ತೆಗೆಯುವ ಪುಟ್ಟ ಹಡಗು. ಆ ಸಂಜೆ ದೊಡ್ಡಮ್ಮ ಹಿರಿಮಗನ ಕೈಗೆ ಊಟದ ಡಬ್ಬಿ ಕೊಡುತ್ತಾ ಹೇಳಿದ್ದಳು, "ತಮ್ಮ ಬಂದ್ರೆ ಹೊರಗೆ ಕಾಯಿಸಬೇಡ ಕಣಪ್ಪ. ಅವನಿಗೆ ಚಳಿ ತಡಿಯಲ್ಲ."

ವಿಂಚು ಮನೆಯಲ್ಲಿ ದೀಪದಜ್ಜ ಆಗಲೇ ಕೂತಿದ್ದ. ಹಡಗುಗಳಿಗೆ ದೀಪ ತೋರಿಸಿ ಸನ್ನೆ ಮಾಡುವ ಮುದುಕ, ಹಿಂದಿನ ಯುದ್ಧವನ್ನೂ ಕಂಡವನು. ಹೊರಗೆ ಮಂಜು. ನೀರು ಕಲ್ಲಿಗೆ ತಾಗಿ ಚಪ್... ಚಪ್... ಎನ್ನುತ್ತಿತ್ತು.

ಮಧ್ಯರಾತ್ರಿ ಕಳೆದಿತ್ತು. ಬಲೆಯ ಆಚೆಯಿಂದ ಕೂಗು ಬಂತು.

ಭೋಂ.........ಭೋಂ...ಭೋಂ.

ಒಂದು ಉದ್ದ, ಎರಡು ಗಿಡ್ಡ. 'ನಾವು, ಬಾಗಿಲು ತೆಗೆಯಿರಿ' ಎಂದು ಅದರ ಅರ್ಥ. ಬಾಗಿಲಣ್ಣ ಎದ್ದು ವಿಂಚಿನ ತಂತಿಹಗ್ಗದ ಮೇಲೆ ಅಂಗೈ ಇಟ್ಟ. ಹಡಗು ಹತ್ತಿರ ಬಂದರೆ ಎಂಜಿನ್ನಿನ ನಡುಕ ಬಲೆಗೆ ತಾಗಿ ಆ ಹಗ್ಗ ಜುಮ್ಮೆನ್ನಬೇಕು. ಹಗ್ಗ ಸುಮ್ಮನಿತ್ತು. ತಣ್ಣಗಿತ್ತು.

"ಎಂಜಿನ್ ಇಲ್ಲ..." ಎಂದ.

"ಕೂತ್ಕೋ," ಅಜ್ಜ ಪಿಸುಗುಟ್ಟಿದ. "ಅದು ಹಳೇದು."

"ಯಾವ ಹಳೇದು?"

"ಬಲೆ ಕಟ್ಟಿದ ವಾರಾನೇ ಒಂದು ಹಡಗು ಏಟು ತಿಂದು ಬಂತು. ರಾತ್ರಿಯೆಲ್ಲಾ ಹಿಂಗೇ ಕೂಗ್ತು. ಫೋನು ಬರಲಿಲ್ಲ... ನಾವು ತೆಗೀಲಿಲ್ಲ. ಬೆಳಿಗ್ಗೆ ನೋಡಿದ್ರೆ ಬರೀ ಟೋಪಿಗಳು ತೇಲ್ತಿದ್ವು."

"ಆಮೇಲೆ?"

"ಆಮೇಲೇನು. ಬಂದರು ಉಳೀತು ಅಂತ ಪದಕ ಕೊಟ್ರು."

ಮತ್ತೆ ಕೂಗು. ಈ ಸಲ ಇನ್ನೂ ಹತ್ತಿರ. ಆಮೇಲೆ ಮಂಜಿನೊಳಗಿಂದ, ಕಿವಿಯ ಪಕ್ಕದಲ್ಲೇ ನಿಂತು ಹೇಳಿದ ಹಾಗೆ, ಒಂದು ದನಿ...

"ಅಣ್ಣಾ... ತೆಗಿಯೋ... ಚಳಿ ಆಗ್ತಿದೆ."

ಬಾಗಿಲಣ್ಣ ಕಮಾಂಡ್ ಆಫೀಸಿಗೆ ಫೋನು ಹಚ್ಚಿದ. "ಹೊರಗೆ ಹಡಗಿದೆ ಸಾರ್."

"ಯಾವ ಹಡಗೂ ಬರೋದಿಲ್ಲ ಇವತ್ತು."

"ಮೈನ್ ಹುಡುಕೋದು..."

"ಅದು ಸಂಜೇನೇ ಹೋಯ್ತಪ್ಪ. ಮೈನಿಗೆ ತಾಗ್ತು, ಒಬ್ಬರೂ ಉಳೀಲಿಲ್ಲ. ಬೆಳಗಾಗೋವರೆಗೂ ಯಾರಿಗೂ ಹೇಳಬೇಡ. ಬಲೆ ಮುಟ್ಟಬೇಡ."

ಅವನು ಫೋನು ಕೆಳಗಿಟ್ಟ. ಅಳಲಿಲ್ಲ. ಸೀದಾ ಹೋಗಿ ವಿಂಚಿನ ಹಿಡಿ ಹಿಡಿದ.

ಅಜ್ಜ ಅವನ ತೋಳು ಜಗ್ಗಿದ. "ತಲೆ ಕೆಟ್ಟಿದೆಯಾ? ಅದರ ಹಿಂದೆ ಏನಾದ್ರೂ ನುಗ್ಗಿದ್ರೆ ಊರೇ ಹೋಗುತ್ತೆ! ನಿನ್ನ ಹೆಂಡತಿ, ನಿಮ್ಮಮ್ಮ..."

"ಗೊತ್ತು."

"ಸತ್ತೋರಿಗೆ ಬಾಗಿಲು ತೆಗೀತಾರೇನೋ!"

"ಬದುಕಿದ್ದೋರಿಗೆ ತೆಗೀಲಿಲ್ವಲ್ಲ ನೀವು," ಎಂದು ಹಿಡಿ ಎಳೆದ.

ಕಿರ್ರ್... ಗಡಗಡಗಡ... ಬಲೆ ಸರಿಯಿತು.

ಏನೂ ಕಾಣಲಿಲ್ಲ. ಆದರೆ ಹಡಗು ಹಾದು ಹೋದಾಗ ಏಳುವ ಅಲೆ ಎದ್ದು ಕಲ್ಲಿಗೆ ಬಡಿಯಿತು, ಛಳ್! ಕಿಟಕಿಯಿಂದ ಸೀಮೆಎಣ್ಣೆ, ಉಪ್ಪು, ಸುಟ್ಟ ಬಣ್ಣದ ವಾಸನೆ ಬಂತು. ಬಾಗಿಲಣ್ಣ ಬಲೆ ಮುಚ್ಚಲು ಕೈ ಹಾಕಿದ. ಅಷ್ಟರಲ್ಲಿ...

ಛಳ್!

ಎರಡನೇ ಅಲೆ. ಹಿಂದೆ ಇನ್ನೊಂದು ಬಂದಿತ್ತು.

ಬಾಗಿಲಣ್ಣ ಬಲೆ ಮುಚ್ಚಿ, ಫೋನೆತ್ತಿ, ಮಾಡಿದ್ದನ್ನೆಲ್ಲ ಒಪ್ಪಿಕೊಂಡ. ಸೈರನ್ ಕೂಗಿತು. ಊರಿನ ಜನ ಮಕ್ಕಳನ್ನು ಎತ್ತಿಕೊಂಡು ಓಡಿದರು. ಈಗ ಸಿಡಿಯುತ್ತೆ, ಇನ್ನೇನು ಸಿಡಿಯುತ್ತೆ ಎಂದು ಇಬ್ಬರೂ ಕಿವಿ ಮುಚ್ಚಿ ಕೂತರು. ತನ್ನ ಕೈಯಾರೆ ಊರನ್ನೇ ಕೊಂದೆ ಎಂದು ಅವನು ಗೋಡೆಗೆ ತಲೆ ಚಚ್ಚಿಕೊಂಡ.

ಏನೂ ಸಿಡಿಯಲಿಲ್ಲ. ಬೆಳಕು ಹರಿಯಿತು.

ತಮ್ಮನ ಹಡಗು ನಿಲ್ಲುವ ಕಟ್ಟೆ ಖಾಲಿ ಇತ್ತು. ಆದರೆ ಕಬ್ಬಿಣದ ಗೂಟಗಳಿಗೆ ಹಗ್ಗ ಬಿಗಿದಿದ್ದರು. ಹೊಸ ನೈಲಾನ್ ಹಗ್ಗ, ಒದ್ದೆ, ನೀರಿನ ಕಡೆಗೆ ಬಿಗಿಯಾಗಿ ಎಳೆದುಕೊಂಡಿತ್ತು. ಅದರ ಪಕ್ಕದ ಕಟ್ಟೆಯಲ್ಲೂ ಹಗ್ಗ ಕಟ್ಟಿತ್ತು. ಅದು ಮಾತ್ರ ಕೊಳೆತು ಕಪ್ಪಾದ ನಾರಿನ ಹಗ್ಗ. ಅಂಥ ಹಗ್ಗವನ್ನು ಪಡೆ ಹಿಂದಿನ ಯುದ್ಧದ ಕಾಲದಿಂದೀಚೆಗೆ ಕೊಂಡೇ ಇಲ್ಲ. ದೀಪದಜ್ಜ ಅದರ ಮುಂದೆ ಮಂಡಿಯೂರಿ, ಬಾಯಿಗೆ ಟವೆಲು ತುರುಕಿಕೊಂಡು ಅತ್ತ.

ಬಾಗಿಲಣ್ಣನನ್ನು ಜೈಲಿಗೆ ಹಾಕಿದರು. ದೊಡ್ಡಮ್ಮ ನೋಡಲು ಹೋದಾಗ ಒಂದೇ ಮಾತು ಕೇಳಿದಳು, "ಒಳಗೆ ಬಂದ್ನಾ?" ಅವನು ಹೂಂ ಎಂದು ತಲೆಯಾಡಿಸಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಬಂದಳು.

ನಂಬದಿದ್ದರೆ ಬಿಡಿ. ಹಗ್ಗ ಎಲ್ಲಿಗೆ ಹೋಗಿದೆ ಎಂದು ನೋಡಲು ಇಳಿದ ಮುಳುಗುಗಾರ ಈಗಲೂ ನಮ್ಮ ಬೀದಿಯಲ್ಲೇ ಇದ್ದಾನೆ, ಬೆಳಿಗ್ಗೆ ಹೋಗಿ ಕೇಳಿ. ಎರಡು ಹಗ್ಗಗಳೂ ಎಳೆದು ಕಟ್ಟಿದ ಹಾಗೆ ಬಿಗಿಯಾಗಿದ್ದವಂತೆ. ನೀರೊಳಗಿನ ತುದಿಯಲ್ಲಿ ಏನೂ ಇರಲಿಲ್ಲ.